ತವರಿನಿಂದ ಬಂದ ಕಾರ್ಡುಗಳು

ಪಕ್ಕದ ಮನೆಯ ಅಕ್ಕ ತೀರಿಹೋದ ಮೇಲೆ, ಶಿವಗಣಾರಾಧನೆಯ ದಿನ ಅವರ ತಮ್ಮ ಮೈಕು ಹಿಡಿದುಕೊಂಡು ಅತ್ತ. ಒಂಟಿಕೊಪ್ಪಲಿನ ಆ ಸಣ್ಣ ಸಭಾಭವನದಲ್ಲಿ ಜನ ತುಂಬಿದ್ದರು. ಸ್ವಾಮಿಗಳು ಆಶೀರ್ವಚನ ಮುಗಿಸಿ ಕುಳಿತಿದ್ದರು, ಅಡುಗೆಯವರು ಎಲೆ ಹಾಕಲು ಕಾಯುತ್ತಿದ್ದರು. "ನಮ್ಮಕ್ಕ ಒಂದಿನಕ್ಕೂ ಬಾಯ್ಬಿಟ್ಟು ಇಂಥದ್ದು ಕೊಡು ಅಂತ ಕೇಳ್ದೋರಲ್ಲ. ಅಂಥ ಹೆಂಗಸ್ರು ಈಗ ಎಲ್ಲವ್ರೆ?" ಎಂದು ಅವನು ಕರ್ಚೀಫಿನಿಂದ ಕಣ್ಣೊರೆಸಿಕೊಂಡಾಗ ಮುಂದಿನ ಸಾಲಿನ ಹೆಂಗಸರು ಲೊಚಗುಟ್ಟಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತು "ಸುಳ್ಳು" ಅನ್ನಬೇಕೆನಿಸಿತು. ಸತ್ತವರ ಹೆಸರಿನಲ್ಲಿ ಊಟಕ್ಕೆ ಕೂರುವ ಹೊತ್ತಿನಲ್ಲಿ ರಂಪ ಬೇಡ ಎಂದು ತುಟಿ ಕಚ್ಚಿ ಕೂತೆ. ಆಮೇಲೆ ಊಟ ಮಾಡದೆ ಎದ್ದು ಬಂದೆ. ಅಕ್ಕ ಇದ್ದಿದ್ದರೆ ಅದಕ್ಕೂ ಬೈಯುತ್ತಿದ್ದರು.

ಅಕ್ಕ ಕೇಳಿದ್ದರು. ಒಂದೇ ಸಲ, ಬಾಯಿ ಬಿಟ್ಟು, ಅವನ ಎದುರಿಗೇ ಕೂತು ಕೇಳಿದ್ದರು. ನಾನು ಪಕ್ಕದಲ್ಲೇ ಇದ್ದೆ. ಅದನ್ನು ಬಿಟ್ಟು ಅವರ ಬಗ್ಗೆ ಬರೆಯುವುದು ನನ್ನಿಂದಾಗದು. ಹಾಗೆಂದು ಅದೊಂದನ್ನೇ ಬರೆದರೆ ಅವರು ಏನೋ ಪಾಪದ ಹೆಂಗಸು ಎಂದು ಓದಿದವರು ತಿಳಿದುಕೊಳ್ಳುತ್ತಾರೆ. ಪಾಪದ ಹೆಂಗಸಂತೆ! ಅವರ ಬಾಯಿಗೆ ಬಿದ್ದವರನ್ನು ಕೇಳಿ ನೋಡಬೇಕು.

ನಾನು ಡಿಪ್ಲೊಮಾ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ಅವರ ಪಕ್ಕದ ಮನೆಯ ಮಹಡಿಗೆ ಬಾಡಿಗೆಗೆ ಬಂದ ಮೊದಲ ದಿನವೇ ಅವರಿಂದ ಬೈಸಿಕೊಂಡೆ. ನನ್ನ ಸಾಮಾನಿನ ಟೆಂಪೊ ಅವರ ರಂಗೋಲಿಯ ಮೇಲೆ ಹತ್ತಿತ್ತು. "ಏನ್ರೀ, ಕಣ್ಣನ್ನೂ ಲಗೇಜಿನೊಳ್ಗೆ ಕಟ್ಟಿ ಆಕ್ಬುಟ್ರಾ?" ಎಂದು ಗೇಟಿನಲ್ಲಿ ನಿಂತು ಕೇಳಿದರು. ಹಣೆಯ ತುಂಬ ವಿಭೂತಿ, ಅದರ ಕೆಳಗೆ ದೊಡ್ಡ ಕುಂಕುಮ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಸಾಮಾನು ಇಳಿಸಿ ಮುಗಿಯುವ ಹೊತ್ತಿಗೆ ಅದೇ ಹೆಂಗಸು ಲೋಟದಲ್ಲಿ ಕಾಫಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ನಾನು ಕಂಪ್ಯೂಟರ್ ಕೆಲಸದವಳೆಂದು ಗೊತ್ತಾದದ್ದೇ ತಡ, "ಅಯ್ಯೋ, ಮೊದ್ಲೇ ಏಳ್ಬಾರ್ದೇನಮ್ಮ" ಎಂದು ಕೈ ಹಿಡಿದು ತಮ್ಮ ಮನೆಗೆ ಎಳೆದುಕೊಂಡೇ ಹೋದರು.

ಮನೆಯ ಮುಂದಿನ ಹಜಾರವನ್ನು ಅವರು ಗೇಮ್ ಸೆಂಟರ್ ಮಾಡಿದ್ದರು. ಎಂಟು ಕಂಪ್ಯೂಟರು, ಎಂಟು ಕುರ್ಚಿ, ಗೋಡೆಯ ಮೇಲೆ ಬಸವಣ್ಣನವರ ಪಟ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರಬೇಕು. ಕಾಲೇಜಿನ ಹುಡುಗರು, ಹತ್ತಿರದ ಹೆಬ್ಬಾಳದ ಐಟಿ ಕಂಪನಿಗಳಿಗೆ ತರಬೇತಿಗೆ ಬಂದ ಇಂಜಿನಿಯರುಗಳು, ರಜೆಯ ದಿನ ಕಾರ್ಖಾನೆಯ ಶಿಫ್ಟಿನವರು, ಎಲ್ಲರೂ ಬರುತ್ತಿದ್ದರು. ಆಡುತ್ತ ಆಡುತ್ತ ಯಾವ ಭಾಷೆಯಲ್ಲಿ ಬೈದರೂ ಅಕ್ಕನಿಗೆ ಅದು ಬೈಗುಳವೆಂದು ಗೊತ್ತಾಗಿಬಿಡುತ್ತಿತ್ತು. "ಎದ್ದೋಗಿ ಕೈಕಾಲು ಮುಖ ತೊಳ್ಕೊಂಡ್ ಬಾ, ಬಾಯೂ ಮುಕ್ಕಳ್ಸು" ಎಂದು ನಲ್ಲಿಯ ಕಡೆಗೆ ಕಳಿಸುತ್ತಿದ್ದರು. ಉತ್ತರ ಭಾರತದ ಗಡ್ಡದ ಇಂಜಿನಿಯರು ಕೂಡ ಮರುಮಾತಾಡದೆ ಹೋಗಿ ಬಾಯಿ ಮುಕ್ಕಳಿಸಿ ಬರುತ್ತಿದ್ದ.

ಆಟಗಳ ಹೆಸರು ಅವರಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಗುಂಡಿನಾಟ, ಕಾರಿನಾಟ, ಚೆಂಡಾಟ ಎಂದು ಮೂರು ಜಾತಿ ಮಾಡಿಕೊಂಡಿದ್ದರು. ಗುಂಡಿನಾಟದಲ್ಲಿ ಪದೇ ಪದೇ ಸಾಯುವ ಹುಡುಗನೊಬ್ಬನಿಗೆ, "ನೀನು ಸತ್ತಷ್ಟು ಸಲ ನಾನು ಸತ್ತಿದ್ರೆ ನಮ್ಮೆಜಮಾನ್ರು ಇಷ್ಟೊತ್ಗೆ ನಾಕು ಮದ್ವೆ ಆಗ್ಬುಟ್ಟಿರೋರು ಕಣೋ" ಅಂದಿದ್ದರು. ಹಜಾರಕ್ಕೆ ಹಜಾರವೇ ನಕ್ಕಿತು. ಆಗ ನಾನೂ ನಕ್ಕಿದ್ದೆ.

ಯಜಮಾನರು ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಮೇಲೆ ಶಿಫ್ಟ್ ಕೆಲಸ ಮಾಡುತ್ತಿದ್ದರು. ರಾತ್ರಿಪಾಳಿ ಇದ್ದಾಗ ಹಗಲೆಲ್ಲ ಒಳಗಿನ ಕೋಣೆಯಲ್ಲಿ ಮಲಗಿರುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಆದರೆ ಮದುವೆಯಾದ ವರ್ಷದಿಂದ ಅವರ ಬಾಯಲ್ಲಿ ಒಂದು ಮಾತು ಕೂತುಬಿಟ್ಟಿತ್ತು: "ನಿನ್ನ ತವರಿನೋರು ನಿಂಗೆ ಮಾಡಿದ್ದೇನು?" ಸಾರಿಗೆ ಉಪ್ಪು ಹೆಚ್ಚಾದರೂ ಈ ಮಾತು, ಬೈಕು ಸ್ಟಾರ್ಟ್ ಆಗದಿದ್ದರೂ ಈ ಮಾತು. ಊರಿಗೆಲ್ಲ ಉತ್ತರ ಕೊಡುವ ಅಕ್ಕ ಈ ಒಂದು ಮಾತಿಗೆ ಮಾತ್ರ ಅಡುಗೆಮನೆಗೆ ಹೋಗಿಬಿಡುತ್ತಿದ್ದರು.

ಆ ಮಾತಿಗೆ ಕೊನೆಗೂ ಉತ್ತರ ಸಿಕ್ಕಿದ್ದು ಒಂದು ಗೌರಿ ಹಬ್ಬದಲ್ಲಿ. ಪ್ರತಿ ವರ್ಷ ಸೀರೆ, ಅರಿಶಿನ ಕುಂಕುಮ ಹಿಡಿದು ಬರುತ್ತಿದ್ದ ತಮ್ಮ ಆ ಸಲ ಟೆಂಪೊ ತುಂಬ ಕಂಪ್ಯೂಟರು ಹೇರಿಕೊಂಡು ಬಂದನಂತೆ. "ಅಕ್ಕ, ಈ ಸಲ ಸೀರೆ ಅಲ್ಲ, ನಿಂಗೆ ಬದ್ಕಕ್ಕೆ ಒಂದು ದಾರಿ ತಂದಿವ್ನಿ. ಇದೇ ನಿನ್ನ ಬಾಗಿನ ಅನ್ಕೋ" ಅಂದನಂತೆ. ಈ ಕತೆಯನ್ನು ಅಕ್ಕ ಬಂದವರಿಗೆಲ್ಲ ಹೇಳುತ್ತಿದ್ದರು, ಒಂದು ಪದ ಅತ್ತಿತ್ತ ಆಗದಂತೆ. ಹೇಳುವಾಗ ದನಿ ಸ್ವಲ್ಪ ಏರುತ್ತಿತ್ತು, ಒಳಗಿನ ಕೋಣೆಗೂ ಕೇಳಲಿ ಎಂದು.

ಅದೇ ವಾರ ಅವನು ಅಕ್ಕನನ್ನು ಕರೆದುಕೊಂಡು ಹೋಗಿ ಮೇಟಗಳ್ಳಿಯಲ್ಲಿದ್ದ ಅಪ್ಪನ ಮನೆಯ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡ. ಅರಿಶಿನ ಕುಂಕುಮದ ಬಾಬ್ತು ನನಗೆ ಬಂದಿದೆ, ಇನ್ನು ಈ ಮನೆಯಲ್ಲಿ ನನಗೆ ಏನೂ ಇಲ್ಲ ಎಂದು ಅದರಲ್ಲಿತ್ತು. ನಮ್ಮ ಕಡೆ ಹೆಣ್ಣುಮಕ್ಕಳು ಹೀಗೆ ಸಹಿ ಹಾಕಿ, ಅಣ್ಣ ತಮ್ಮಂದಿರ ಜೊತೆ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು, ನಗುತ್ತ ಮನೆಗೆ ಬರುತ್ತಾರೆ. ಅಕ್ಕನೂ ಹಾಗೇ ಬಂದರಂತೆ. "ಅಪ್ಪನ ಮನೆ ಕಟ್ಕೊಂಡು ನಾನೇನ್ ಮಾಡ್ಲಿ ಬುಡು, ಅವನೇ ಇರ್ಲಿ" ಎಂದು ನನಗೆ ಹೇಳಿದಾಗ ಅವರಿಗೆ ಒಂದಿಷ್ಟೂ ನೋವಿರಲಿಲ್ಲ.

ನನ್ನನ್ನು ಮೊದಲ ದಿನವೇ ಕೈ ಹಿಡಿದು ಎಳೆದುಕೊಂಡು ಹೋದದ್ದು ಐದನೇ ಕಂಪ್ಯೂಟರಿನ ಮುಂದೆ. ಅದು 'ಕಲ್ಲಾಗುತ್ತಿತ್ತು'. ಅದು ಅಕ್ಕನ ಮಾತು. ಆಟ ಶುರುವಾಗಿ ಒಂದಿಷ್ಟು ಹೊತ್ತು ಚೆನ್ನಾಗಿ ಓಡುವುದು, ಇದ್ದಕ್ಕಿದ್ದಂತೆ ಚಿತ್ರ ನಿಂತುಬಿಡುವುದು, ಸದ್ದು ಒಂದೇ ಕಡೆ ಸಿಕ್ಕಿಕೊಂಡು ಜುಯ್ಯೆನ್ನುವುದು. ಮೌಸು ಅಲ್ಲಾಡದು, ಕೀಲಿ ಒತ್ತಿದರೆ ಕೇಳದು. ಬಟನ್ ಒತ್ತಿ ಆರಿಸಿ ಮತ್ತೆ ಹಾಕಬೇಕು. ಅದೇ ಯಂತ್ರದಲ್ಲಿ ಸುಮ್ಮನೆ ಲೆಕ್ಕ ಬರೆಯಿರಿ, ಸಿನಿಮಾ ನೋಡಿ, ಏನೂ ಆಗದು. ಆಟ ಹಾಕಿದರೆ ಮಾತ್ರ ಈ ಅವಸ್ಥೆ.

ಗೊತ್ತಿಲ್ಲದವರಿಗೆ ಒಂದು ಮಾತು. ಆಟದ ಚಿತ್ರಗಳನ್ನೆಲ್ಲ ಬಿಡಿಸಿ ಪರದೆಗೆ ಕಳಿಸುವುದು ಕಂಪ್ಯೂಟರಿನೊಳಗಿರುವ ಗ್ರಾಫಿಕ್ಸ್ ಕಾರ್ಡು. ಆಟ ಜೋರಾದಷ್ಟೂ ಅದು ಬೆವರುತ್ತದೆ. ಗಟ್ಟಿಯಿದ್ದರೆ ತಡೆದುಕೊಳ್ಳುತ್ತದೆ, ಒಳಗೆ ಸವೆದಿದ್ದರೆ ಬಿಸಿಯಾದ ಕೂಡಲೇ ಕೈಚೆಲ್ಲುತ್ತದೆ. ಹಾಗೆಂದು ನಿಂತ ಯಂತ್ರವೆಲ್ಲ ಕಾರ್ಡಿನಿಂದಲೇ ನಿಂತಿದೆ ಎನ್ನಲಾಗದು. ಒಂದೊಂದೇ ಭಾಗವನ್ನು ಬದಲಿಸಿ ನೋಡಬೇಕು. ಅನುಮಾನದ ಭಾಗವನ್ನು ತೆಗೆದು ಗಟ್ಟಿ ಯಂತ್ರಕ್ಕೆ ಹಾಕು, ರೋಗ ಅದರ ಜೊತೆ ಹೋಯಿತೋ ಇಲ್ಲವೋ ನೋಡು. ಲ್ಯಾಬಿನಲ್ಲಿ ಮೊದಲ ವಾರ ಹೇಳಿಕೊಡುವ ಪಾಠ ಇಷ್ಟೇ.

ನಾನು ಆಟ ಅಳಿಸಿ ಮತ್ತೆ ಹಾಕಿದೆ. ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶ ತೆಗೆದು ಹೊಸದು ಹಾಕಿದೆ. ರ‍್ಯಾಮ್ ಬದಲಿಸಿದೆ. ಧೂಳು ಊದಿದೆ. ಅಷ್ಟರಲ್ಲಿ ಎರಡನೆಯದೂ ಏಳನೆಯದೂ ಕಲ್ಲಾಗತೊಡಗಿದವು. ಒಂದರಲ್ಲಿ ಪರದೆಯ ತುಂಬ ಬಣ್ಣಬಣ್ಣದ ಚೌಕ ಮೂಡಿ ಆರಿಹೋಗುತ್ತಿತ್ತು, ಇನ್ನೊಂದರಲ್ಲಿ ಪರದೆ ಕಪ್ಪಾಗಿ ಒಳಗಿನ ಫ್ಯಾನು ಮಾತ್ರ ಹುಚ್ಚು ಹಿಡಿದಂತೆ ಕೂಗುತ್ತಿತ್ತು. ನಾನು ಒಂದು ಭಾಗ ಪರೀಕ್ಷಿಸುವಷ್ಟರಲ್ಲಿ ಅಕ್ಕ ಹೊಸ ಅಪರಾಧಿಯೊಬ್ಬನನ್ನು ಹಿಡಿದಿರುತ್ತಿದ್ದರು. ಮೊದಲು ಕರೆಂಟು. ಬೀದಿಯಲ್ಲಿ ಕಂಬ ಹತ್ತಿದ್ದ ಲೈನ್‌ಮ್ಯಾನನ್ನು ಕೆಳಗಿಳಿಸಿ, "ನಿಮ್ಮ ಕರೆಂಟಿಗೆ ಬೇದಿ ಇಡ್ಕಂಡದಾ? ಒಂದ್ಸಲ ಜಾಸ್ತಿ, ಒಂದ್ಸಲ ಕಮ್ಮಿ!" ಎಂದು ಜಗಳ ತೆಗೆದರು. ಆಮೇಲೆ ಇಂಟರ್‌ನೆಟ್ಟಿನವನು. ಆಮೇಲೆ ಪೈಪು ಹಾಕಲು ಅಗೆದ ರಸ್ತೆಯ ಧೂಳು. ಆಮೇಲೆ ಇರುವೆ. ಆಮೇಲೆ, ಬಂದ ದಿನವೇ "ಆಂಟಿ, ಸೂಪರ್ ಸಿಸ್ಟಮ್ಮು" ಅಂದಿದ್ದ ಒಬ್ಬ ಹುಡುಗನ ಕಣ್ಣು. ಎಂಟೂ ಯಂತ್ರಗಳಿಗೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟಿಗೆ ಆಡುತ್ತಿದ್ದವರೆಲ್ಲ ಕೆಮ್ಮುತ್ತ ಬೀದಿಗೆ ಓಡಿದರು. ಒಂದು ದಿನ ನನ್ನನ್ನೂ ಬಿಡಲಿಲ್ಲ. "ನೀನ್ ಕೈ ಆಕಿದ್ಮೇಲೇ ಜಾಸ್ತಿ ಆಯ್ತು ಕಣಮ್ಮ" ಅಂದರು. ನಾನು ಎರಡು ದಿನ ಆ ಕಡೆ ತಲೆ ಹಾಕಲಿಲ್ಲ. ಮೂರನೇ ದಿನ ರಾಗಿರೊಟ್ಟಿ ಕಟ್ಟಿಕೊಂಡು ತಾವೇ ಬಂದರು, ಆದರೆ ತಪ್ಪಾಯಿತು ಅನ್ನಲಿಲ್ಲ. ಆ ಬಾಯಲ್ಲಿ ಆ ಮಾತು ನಾನು ಕೇಳಿದವಳಲ್ಲ.

ಹೊಸ ಯುಪಿಎಸ್ ಬಂತು. ಹೊಸ ಪವರ್ ಸಪ್ಲೈಗಳು ಬಂದವು. ಕ್ಯಾಬಿನೆಟ್ಟುಗಳ ಪಕ್ಕದ ತಗಡು ಬಿಚ್ಚಿ ಒಂದೊಂದಕ್ಕೂ ಟೇಬಲ್ ಫ್ಯಾನು ಹಿಡಿಸಿದರು. ಮೇಜುಗಳನ್ನು ತಿರುಗಿಸಿ ಪೂರ್ವಕ್ಕೆ ಮುಖ ಮಾಡಿಸಿದರು. ನಾನು ಹೇಳುತ್ತಲೇ ಇದ್ದೆ, "ಅಕ್ಕ, ಕಾರ್ಡು ಬಿಚ್ಚಿ ಒಂದ್ಸಲ ಬೇರೆ ಸಿಸ್ಟಮ್ಮಿಗೆ ಹಾಕಿ ನೋಡ್ಬೇಕು." ಕಾರ್ಡು ಎಂದ ಕೂಡಲೇ ಅಕ್ಕ ಒಳಗಿನ ಕೋಣೆಯ ಬಾಗಿಲ ಕಡೆ ನೋಡುತ್ತಿದ್ದರು. "ಅದೊಂದ್ ಬ್ಯಾಡ ಕಣಮ್ಮ. ಅದು ನನ್ ತಮ್ಮ ಪೂಜೆ ಮಾಡಿ ಕೊಟ್ಟಿರೋದು." ದನಿ ಅಷ್ಟು ಸಣ್ಣದಾಗಿಬಿಡುತ್ತಿತ್ತು. ತವರಿನಿಂದ ಬಂದದ್ದನ್ನು ಗಂಡನ ಮನೆಯಲ್ಲಿ ಕೆಟ್ಟಿದೆ ಅನ್ನಬಾರದು. ಸೀರೆ ಹರಿದಿದ್ದರೂ ಮಡಿಕೆಯೊಳಗೆ ಮುಚ್ಚಿ ಉಡಬೇಕು. ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರುವುದಿಲ್ಲ, ಆದರೂ ನಮ್ಮ ಹೆಂಗಸರಿಗೆಲ್ಲ ಗೊತ್ತಿರುತ್ತದೆ. ನನಗೂ ಗೊತ್ತಿತ್ತು, ಅದಕ್ಕೇ ಇನ್ನೂ ಸಿಟ್ಟು ಬರುತ್ತಿತ್ತು. ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದುಕೊಂಡೇ ಎಷ್ಟು ಸಲ ಮೆಟ್ಟಿಲು ಹತ್ತಿ ಮನೆಗೆ ವಾಪಸ್ ಬಂದಿದ್ದೇನೋ.

ಜನ ಕಡಿಮೆಯಾಗುತ್ತ ಬಂದರು. ಯಜಮಾನರ ಗುತ್ತಿಗೆ ಈ ವರ್ಷಕ್ಕೆ ಮುಗಿಯುತ್ತದೆಯೆಂಬ ಗುಸುಗುಸು ಶುರುವಾಗಿತ್ತು, ಮನೆಗೆ ಇನ್ನು ಈ ಸೆಂಟರೇ ದಿಕ್ಕು ಎನ್ನುವುದು ಅಕ್ಕನಿಗೆ ಗೊತ್ತಿತ್ತು. ಅದಕ್ಕೇ ಒಂದು ಭಾನುವಾರ ಪಂದ್ಯ ಇಟ್ಟರು. ಹೆಬ್ಬಾಳದ ಇಂಜಿನಿಯರುಗಳ ಎರಡು ತಂಡ, ಗುಂಡಿನಾಟ. ಬಾಗಿಲಿಗೆ ತೋರಣ ಕಟ್ಟಿ, ಚುರುಮುರಿ ಮಜ್ಜಿಗೆ ಮಾಡಿ, ರೇಷ್ಮೆ ಸೀರೆ ಉಟ್ಟು ನಿಂತಿದ್ದರು. ಕೊನೆಯ ಸುತ್ತಿನಲ್ಲಿ ಗೆಲುವು ಇನ್ನೇನು ಕೈಗೆ ಬಂತು ಅನ್ನುವಾಗ ಐದನೆಯದು ಕಲ್ಲಾಯಿತು. ಅದರ ಬೆನ್ನಿಗೇ ಎರಡನೆಯದು. ಆಮೇಲೆ ಇನ್ನೆರಡು. ಹುಡುಗರು ಹೆಡ್‌ಫೋನ್ ಕಿತ್ತೆಸೆದು ಎದ್ದರು. ಒಬ್ಬ, "ಡಬ್ಬಾ ಸಿಸ್ಟಮ್ ಇಟ್ಕೊಂಡು ಟೂರ್ನಮೆಂಟ್ ಯಾಕ್ ಮಾಡ್ತೀರಾ ಆಂಟಿ?" ಎಂದ.

"ಡಬ್ಬ ನಿನ್ನ ತಲೆ! ಕೈ ನೆಟ್ಟಗಿಲ್ದೋನು ಕೀಲಿ ಕುಟ್ಟಿ ಕುಟ್ಟಿ ಕೆಡ್ಸಿದ್ದು ನೀನು!" ಎಂದು ಅಕ್ಕ ಗುಡುಗಿದರು.

ಗಲಾಟೆಗೆ ಯಜಮಾನರು ಬನಿಯನ್ನಿನಲ್ಲೇ ಎದ್ದು ಬಂದು ಬಾಗಿಲಲ್ಲಿ ನಿಂತರು. ಆರಿದ ಪರದೆಗಳನ್ನೂ, ಹೊರಗೆ ಚಪ್ಪಲಿ ಹುಡುಕುತ್ತಿದ್ದ ಹುಡುಗರನ್ನೂ ನೋಡಿ, "ಏನು, ನಿನ್ ತಮ್ಮ ಕೊಟ್ಟಿದ್ದು ಕೈ ಕೊಡ್ತಾ?" ಅಂದರು.

"ಅದಕ್ಕೇನಾಗದೆ? ಕರೆಂಟ್ ಸರಿ ಇಲ್ಲ" ಅಂದರು ಅಕ್ಕ. ಅವರ ತಲೆಯ ಮೇಲೆ ಫ್ಯಾನು ಚೆನ್ನಾಗೇ ತಿರುಗುತ್ತಿತ್ತು. ಯಜಮಾನರು ಒಮ್ಮೆ ಅದನ್ನು ನೋಡಿದರು, ಒಳಗೆ ಹೋಗಿ ಮಲಗಿದರು.

ಮಾರನೆಯ ದಿನ ನಾನು ಕಾಲೇಜಿಗೆ ರಜೆ ಹಾಕಿದ್ದೆ. ಅಕ್ಕ ಬೆಳಿಗ್ಗೆಯೇ ಬಂದು ಬಾಗಿಲಲ್ಲಿ ನಿಂತರು. "ಬಿಚ್ಚು ಬಾ. ಅವ್ರು ಫಸ್ಟ್ ಶಿಫ್ಟಿಗೆ ಓಗವ್ರೆ" ಅಂದರು. ನಾನು ಬಿಚ್ಚಲು ಕೂತಾಗ ತಾವು ಅಡುಗೆಮನೆಗೆ ಹೋಗಿ ಕಾರಣವಿಲ್ಲದೆ ಪಾತ್ರೆ ತೊಳೆಯತೊಡಗಿದರು.

ನನ್ನ ಮನೆಯ ಕಂಪ್ಯೂಟರಿನ ಕಾರ್ಡನ್ನು ತಂದು ಐದನೆಯದಕ್ಕೆ ಹಾಕಿದೆ. ನಾನೂ ಒಂದಿಷ್ಟು ಕಾರಿನಾಟದ ಹುಚ್ಚಿನವಳೇ, ಹಾಗಾಗಿ ಅದು ಒಳ್ಳೆಯ ಕಾರ್ಡು. ಐದನೆಯದು ಮಧ್ಯಾಹ್ನದವರೆಗೆ ಒಂದು ಚೂರೂ ತಡವರಿಸದೆ ಓಡಿತು. ಅಕ್ಕನ ಕಾರ್ಡನ್ನು ಒಯ್ದು ನನ್ನ ಯಂತ್ರಕ್ಕೆ ಹಾಕಿದೆ. ಎರಡನೇ ಓಟ ಮುಗಿಯುವ ಮೊದಲೇ ಅದೂ ಕಲ್ಲಾಯಿತು. ರೋಗ ಕಾರ್ಡಿನ ಜೊತೆ ಹೋಗಿತ್ತು. ಒಂದೊಂದಾಗಿ ಎಲ್ಲವನ್ನೂ ನೋಡಿದೆ. ಆರು ಪೂರ್ತಿ ಹೋಗಿದ್ದವು, ಎರಡು ಹೋಗುವುದರಲ್ಲಿದ್ದವು. ಮಗುಚಿ ನೋಡಿದರೆ ಹಸಿರು ಹಲಗೆ ಕಂದಿ ಕಂದುಬಣ್ಣಕ್ಕೆ ತಿರುಗಿತ್ತು, ತಂಪಿಗೆಂದು ಹಚ್ಚಿದ ಪಟ್ಟಿಗಳಿಂದ ಎಣ್ಣೆ ಒಸರಿತ್ತು, ಫ್ಯಾನುಗಳು ಸಡಿಲವಾಗಿ ಲೊಡಗುಟ್ಟುತ್ತಿದ್ದವು. ಆಟ ಆಡಿ ಇಷ್ಟು ಸವೆಸಲು ಯಾರಿಂದಲೂ ಆಗದು.

"ಅಕ್ಕ, ಇವು ಹೊಸವಲ್ಲ" ಅಂದೆ. "ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸಿ ಒಂಥರಾ ದುಡ್ಡು ಹುಟ್ಟಿಸ್ತಾರಲ್ಲ, ಡಿಜಿಟಲ್ ನಾಣ್ಯ ಅಂತ, ಅದಕ್ಕೆ ಹಗಲು ರಾತ್ರಿ ಆರಿಸದೆ ಓಡಿಸಿರೋ ಕಾರ್ಡುಗಳು. ಆ ವ್ಯಾಪಾರ ಬಿದ್ದುಹೋದ ಮೇಲೆ ಹಿಂಗೆ ಸಾಗಹಾಕ್ತಾರೆ. ಯಾರೋ ನಿಮ್ಮ ತಮ್ಮನಿಗೆ ಟೋಪಿ ಹಾಕಿರ್ಬೇಕು." ಆಗ ನಾನು ಹಾಗೇ ತಿಳಿದಿದ್ದೆ.

ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಿಂತರು.

"ಅವನ ಶೆಡ್ಡಲ್ಲಿದ್ವು" ಅಂದರು. "ಹೆಬ್ಬಾಳದಾಗೆ ಒಂದ್ ಶೆಡ್ಡು ಮಾಡಿದ್ದ. ಬುತ್ತಿ ಕೊಡಕ್ಕೆ ಒಂದಿನ ಓಗಿದ್ದೆ. ಕೋಳಿ ಫಾರಂನಲ್ಲಿ ಇಟ್ಟಂಗೆ ಸಾಲಾಗಿ ಜೋಡ್ಸಿದ್ದ, ಎಲ್ಲಕ್ಕೂ ಫ್ಯಾನು. ಬೆಂಕಿ ಒಲೆ ಮುಂದೆ ನಿಂತಂಗಿತ್ತು. ಇದೇನೋ ಅಂದ್ರೆ, ದುಡ್ಡು ಕಣಕ್ಕ ಅಂದ." ಆಮೇಲೆ ನನ್ನ ಕೈಯಲ್ಲಿದ್ದ ಕಾರ್ಡನ್ನು ತೆಗೆದುಕೊಂಡು ಮಗುಚಿ ಮಗುಚಿ ನೋಡಿದರು. "ಸವ್ದಿವೆ ಅಂತ ಅವನಿಗೆ ಗೊತ್ತಾಗಿರಾಕಿಲ್ಲ ಬುಡು."

ಇದ್ದ ಸಿಟ್ಟೆಲ್ಲ ನನ್ನ ನೆತ್ತಿಗೇರಿತು. "ಗೊತ್ತಾಗದೆ ಇರುತ್ತಾ ಅಕ್ಕ? ಸವೆದಿದ್ದಕ್ಕೇ ನಿಮಗೆ ಕೊಟ್ಟಿದ್ದು. ಅದನ್ನ ತೋರ್ಸಿ ಮನೆ ಬರೆಸ್ಕೊಂಡಿದ್ದು!" ಎಂದು ಕೂಗಿದೆ. ಅಕ್ಕ ಕಾರ್ಡನ್ನು ಮೇಜಿನ ಮೇಲಿಟ್ಟು ಅಡುಗೆಮನೆಗೆ ಹೋದರು. ಆದರೆ ಸಂಜೆ ತಾವೇ ಕರೆದು, "ನಾಳೆ ಮೇಟಗಳ್ಳಿಗೆ ಓಗನ. ನೀನೂ ಬಾ, ಅದೇನಾಗದೆ ಅಂತ ಏಳಕ್ಕೆ ನಂಗೆ ಬರಾಕಿಲ್ಲ" ಅಂದರು.

ಅಪ್ಪನ ಮನೆ ಅಲ್ಲಿ ಇರಲಿಲ್ಲ. ಅದನ್ನು ಕೆಡವಿ ಮೂರಂತಸ್ತು ಎಬ್ಬಿಸುತ್ತಿದ್ದ, ಮೇಲೆ ಬಾಡಿಗೆಗೆ ಕೊಡಲು. ಕೆಳಗಿನ ಮನೆ ಮುಗಿದು ಅವನೂ ಅವನ ಹೆಂಡತಿಯೂ ಅದರಲ್ಲಿದ್ದರು. ಅವನನ್ನು ಬಹುವಚನದಲ್ಲಿ ಬರೆಯಲು ನನ್ನ ಕೈ ಏಳುವುದಿಲ್ಲ, ಓದುವವರು ಕ್ಷಮಿಸಬೇಕು. ಕೂರಿಸಿದರು, ಕಾಫಿ ಕೊಟ್ಟರು. ಅಕ್ಕ ಲೋಟ ಕೆಳಗಿಟ್ಟು, ನಾನು ಅದುವರೆಗೆ ಕೇಳಿರದ ಮೆತ್ತಗಿನ ದನಿಯಲ್ಲಿ ಅಂದರು: "ಕಾರ್ಡೆಲ್ಲ ಓಗ್ಬುಟ್ಟವೆ ಕಣಪ್ಪ. ಸೆಂಟರು ನಿಂತೋಯ್ತದೆ. ಬೇರೆ ಆಕ್ಸಿಕೊಡು. ಎಂಟೂ ಬ್ಯಾಡ, ನಾಕಾದ್ರೆ ಸಾಕು."

ಮನೆಯಲ್ಲಿ ಪಾಲು ಕೇಳಲಿಲ್ಲ. ಮೋಸ ಮಾಡಿದೆಯಾ ಎಂದು ಕೇಳಲಿಲ್ಲ. ಕೇಳಿದ್ದು ನಾಲ್ಕು ಕಾರ್ಡು.

ಅವನು ನಕ್ಕ. "ಬಾಗಿನಕ್ಕೆ ಯಾರಾದ್ರೂ ವಾರಂಟಿ ಕೇಳ್ತಾರೇನಕ್ಕ?" ಅಂದ. ಅವನ ಹೆಂಡತಿಯೂ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನಾನು ಕಾರ್ಡನ್ನು ಚೀಲದಿಂದ ತೆಗೆದು ಕಂದಿದ ಜಾಗ ತೋರಿಸಿದೆ. ಅವನು ಅದರ ಕಡೆ ನೋಡಲೂ ಇಲ್ಲ. "ಮೇಡಂ, ನೀವು ಓದಿದೋರು. ನಮ್ಮಕ್ಕನ ತಲೆ ಕೆಡಿಸ್ಬೇಡಿ. ನಾನ್ ಕೊಟ್ಟಾಗ ಓಡ್ತಿತ್ತೋ ಇಲ್ವೋ, ಅವ್ರನ್ನೇ ಕೇಳಿ."

"ಓಡ್ತಿತ್ತು" ಅಂದರು ಅಕ್ಕ.

ಅಷ್ಟರಲ್ಲಿ ಅವನ ಹೆಂಡತಿ ತಟ್ಟೆಯಲ್ಲಿ ಅರಿಶಿನ ಕುಂಕುಮ, ರವಿಕೆ ಕಣ ಹಿಡಿದು ಬಂದಳು. ಅದನ್ನು ತಂದರೆ ಇನ್ನು ಹೊರಡಿ ಎಂದೇ ಅರ್ಥ. ಅಕ್ಕ ಕುಂಕುಮ ಇಟ್ಟುಕೊಂಡು, ರವಿಕೆ ಕಣವನ್ನು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡರು. ನನಗೂ ಒಂದು ಕೊಡಲು ಬಂದಳು, ನಾನು ಚಪ್ಪಲಿ ಮೆಟ್ಟಿ ಗೇಟಿನಾಚೆ ಹೋಗಿ ನಿಂತೆ. ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನಮ್ಮ ಸ್ಟಾಪು ಹತ್ತಿರವಾದಾಗ, "ಕಾಫಿ ಚೆನ್ನಾಗ್ ಮಾಡಿದ್ಲು, ಅಲ್ವಾ?" ಅಂದರು.

ಸೆಂಟರ್ ಮುಚ್ಚಿತು. ಬಸವಣ್ಣನವರ ಪಟ ಉಳಿದು ಮಿಕ್ಕದ್ದೆಲ್ಲ ಗುಜರಿಗೆ ಹೋಯಿತು. ಅಕ್ಕ ಹೆಬ್ಬಾಳದ ಪೇಯಿಂಗ್ ಗೆಸ್ಟ್ ಮನೆಗಳಿಗೆ ಚಪಾತಿ ಲಟ್ಟಿಸಿ ಕೊಡಲು ಶುರು ಮಾಡಿದರು. ರಟ್ಟೆ ಎತ್ತಲಾಗದೆ ಸಂಜೆ ನನ್ನ ಹತ್ತಿರ ನೋವಿನೆಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು. ಅವರ ಹಜಾರದಲ್ಲಿ ಚುರುಮುರಿ ತಿಂದು ಡಬ್ಬಾ ಅಂದು ಹೋದ ಹುಡುಗರೇ ಆ ಚಪಾತಿಯನ್ನೂ ತಿನ್ನುತ್ತಿದ್ದಿರಬೇಕು. ಯಜಮಾನರು ಅಷ್ಟೆಲ್ಲ ಆದ ಮೇಲೆ ತವರಿನ ಮಾತೆತ್ತುವುದನ್ನು ನಿಲ್ಲಿಸಿದ್ದರು. ಅವರು ಬೈದಿದ್ದರೇ ಚೆನ್ನಾಗಿತ್ತು, ಈ ಸುಮ್ಮನಿರುವುದು ಅಕ್ಕನಿಗೆ ಇನ್ನೂ ಕಷ್ಟವಾಯಿತು.

ಗುತ್ತಿಗೆ ನಿಂತು ಯಜಮಾನರು ಮನೆಯಲ್ಲಿ ಕೂತ ಮೇಲೆ ನಾನು ಬಿಡಲಿಲ್ಲ. ಪರಿಚಯದ ವಕೀಲರೊಬ್ಬರ ಹತ್ತಿರ ಎಲ್ಲ ವಿಷಯ ಹೇಳಿದೆ. ಸವೆದ ಸಾಮಾನನ್ನು ಒಳ್ಳೆಯದೆಂದು ನಂಬಿಸಿ ಹಕ್ಕು ಬಿಡಿಸಿಕೊಂಡಿದ್ದರೆ ದಾವೆ ಹೂಡಬಹುದು ಎಂದರು. ಗೆದ್ದೇ ಗೆಲ್ಲುತ್ತದೆ ಅನ್ನಲಾರೆ, ಆದರೆ ನೋಟೀಸು ಹೋದರೆ ತಮ್ಮ ರಾಜಿಗೆ ಬರಬಹುದು, ಮೂರಂತಸ್ತಿನಲ್ಲಿ ಒಂದಾದರೂ ಅಕ್ಕನಿಗೆ ಸಿಗಬಹುದು ಎಂದೂ ಹೇಳಿದರು. ಅಕ್ಕ ಬಂದು ತಮ್ಮ ಬಾಯಿಂದ ಹೇಳಬೇಕು, ಅಷ್ಟೇ. ಬರುವುದಿಲ್ಲ ಅನ್ನುತ್ತಾರೆಂದು ಅಂಜಿಕೊಂಡೇ ಕೇಳಿದೆ. "ಆಯ್ತು ನಡಿ" ಅಂದರು. ಪಂದ್ಯದ ದಿನ ಉಟ್ಟಿದ್ದ ರೇಷ್ಮೆ ಸೀರೆ ಉಟ್ಟುಕೊಂಡು ಬಂದರು. ಒಂದು ಅಂತಸ್ತು ಬಾಡಿಗೆಗೆ ಕೊಟ್ಟರೆ ಚಪಾತಿ ಬಿಡಬಹುದು ಎಂದು ದಾರಿಯಲ್ಲಿ ಲೆಕ್ಕ ಕೂಡ ಹಾಕಿದರು. ಅವರ ನಗು ನೋಡಿ ನಾನು ಒಳಗೊಳಗೇ ಹಿಗ್ಗಿಹೋಗಿದ್ದೆ.

ವಕೀಲರು ಮರ್ಯಾದೆಯಿಂದ ಕೂರಿಸಿದರು. "ಅಮ್ಮ, ನಾನು ಕೇಳಿದ್ದಕ್ಕೆ ಉತ್ತರ ಹೇಳಿ ಸಾಕು. ಕೆಟ್ಟಿದೆ ಅಂತ ಗೊತ್ತಿದ್ದೂ ನಿಮ್ಮ ತಮ್ಮ ಆ ಸಾಮಾನನ್ನ ನಿಮಗೆ ಕೊಟ್ಟು, ಮೋಸದಿಂದ ಸಹಿ ಹಾಕಿಸ್ಕೊಂಡ್ರು. ಹೌದಾ?"

ಅಕ್ಕ ಬಳೆ ತಿರುಗಿಸುತ್ತ ಕೂತರು. ಲೈನ್‌ಮ್ಯಾನನ್ನು ಕಂಬದಿಂದ ಇಳಿಸಿದ ಹೆಂಗಸು, ಇರುವೆಯಿಂದ ಹಿಡಿದು ನನ್ನವರೆಗೆ ಯಾರನ್ನೂ ಬಿಡದೆ ದೂರಿದ ಹೆಂಗಸು. ಈಗ ಒಂದು 'ಹೌದು' ಅನ್ನಲು ಎಷ್ಟು ಹೊತ್ತು ಎಂದು ನಾನು ಕಾಯುತ್ತಿದ್ದೆ.

"ಇಲ್ಲ ಸಾರ್" ಅಂದರು. "ಸಾಮಾನು ಚೆನ್ನಾಗೇ ಇತ್ತು. ನಾನೇ ಕೆಡಿಸ್ಕೊಂಡೆ. ನಂದೇ ತಪ್ಪು."

ಮೆಟ್ಟಿಲಿಳಿಯುವಾಗ ನಾನು ಅಳುತ್ತಿದ್ದೆ. ದುಃಖಕ್ಕಲ್ಲ, ಸಿಟ್ಟಿಗೆ. "ಯಾಕಕ್ಕ? ಯಾಕ್ ಹಿಂಗ್ ಮಾಡಿದ್ರಿ?" ಎಂದು ಅವರ ರಟ್ಟೆ ಹಿಡಿದು ಅಲುಗಿಸಿದೆ. ಅವರು ನನ್ನ ಕೈ ಬಿಡಿಸಿಕೊಂಡು, ಮಗುವಿಗೆ ಹೇಳುವಂತೆ ಹೇಳಿದರು: "ಕೋರ್ಟಿಗೆ ಎಳುದ್ರೆ ಆಮೇಲ್ ಅವನು ಬರ್ತಾನೇನಮ್ಮ? ಗೌರಿ ಅಬ್ಬಕ್ಕೆ ಬಾಗ್ಲಿಗೆ ಬರಕ್ಕೆ ನಂಗೂ ಒಬ್ಬ ಬೇಕಲ್ಲ."

ಆ ವರ್ಷದ ಗೌರಿ ಹಬ್ಬಕ್ಕೆ ಅಕ್ಕ ಬೆಳಿಗ್ಗೆಯಿಂದ ಒಬ್ಬಟ್ಟು ತಟ್ಟಿದರು. ಬಾಗಿಲು ತೆರೆದಿಟ್ಟುಕೊಂಡು, ಹೊಸ ಚಾಪೆ ಹಾಸಿಕೊಂಡು, ಬೀದಿಯಲ್ಲಿ ಬೈಕು ಸದ್ದಾದಾಗಲೆಲ್ಲ ಎದ್ದು ನೋಡಿದರು. ಅವನು ಬರಲಿಲ್ಲ, ಫೋನೂ ಮಾಡಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ನನ್ನನ್ನು ಕೂಗಿ ಕರೆದು ಆ ಚಾಪೆಯ ಮೇಲೆ ಕೂರಿಸಿ, ಅವನಿಗೆಂದು ತೆಗೆದಿಟ್ಟಿದ್ದ ಒಬ್ಬಟ್ಟನ್ನೆಲ್ಲ ನನ್ನ ಎಲೆಗೆ ಹಾಕಿ ಮೇಲೆ ತುಪ್ಪ ಸುರಿದರು.

"ಕೆಲ್ಸ ಜಾಸ್ತಿ ಇರ್ಬೇಕು ಅವನಿಗೆ. ತಿನ್ನು" ಅಂದರು.